ಮೂವತ್ತು ದಿನದಲ್ಲಿ ಮೇಡಂ

ಶಿವಮೊಗ್ಗ ಮತ್ತು ಭದ್ರಾವತಿಯಲ್ಲಿ ‘ಮೂವತ್ತು ದಿನದಲ್ಲಿ ಇಂಗ್ಲಿಷ್’ ಕಲಿಸುತ್ತಿರುವ ಮಾಸ್ತರರಿಗೆ, ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯಾಕೆ ಮಾಡುವ ನಮಸ್ಕಾರಗಳು.

ಇತ್ತ ಕ್ಷೇಮ. ತಮ್ಮ ಕ್ಷೇಮ ವಿಚಾರಿಸಲು ಬೇರೆ ಕಾಗದ ಬೇಕಿಲ್ಲ. ಕಂಬಗಳ ಮೇಲೆ ತಮ್ಮ ಫ್ಲೆಕ್ಸು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿರುವುದೇ ಸಾಕ್ಷಿ. ಉಭಯ ಕುಶಲೋಪರಿ ಸಾಂಪ್ರತ.

ಈ ಪತ್ರಕ್ಕೆ ಕಾರಣ ತಮ್ಮ ನೋಟ್ಸು. ಮೊನ್ನೆ ತಮ್ಮ ವಿದ್ಯಾರ್ಥಿಯೊಬ್ಬ ಇಡೀ ಬ್ಯಾಚಿಗೆ ಆಗುವಷ್ಟು ಪ್ರತಿ ಮಾಡಿಸಲು ಅದನ್ನು ನನ್ನಲ್ಲಿಗೆ ತಂದಿದ್ದ. ನಾನು ಓದಿದೆ. ಗಿರಾಕಿಯ ಕಾಗದವನ್ನು ಜೆರಾಕ್ಸ್ ಅಂಗಡಿಯವರು ಓದಬಾರದು ಎಂದು ಯಾವ ಕಾಯ್ದೆಯೂ ಹೇಳಿಲ್ಲ, ಮೆಷಿನ್ನು ಬಿಸಿಯಾಗುವ ತನಕ ಕಣ್ಣಿಗೆ ಬೇರೆ ಕೆಲಸವೂ ಇರುವುದಿಲ್ಲ. ಊರಿನ ಪಹಣಿ, ಮಾರ್ಕ್ಸ್ ಕಾರ್ಡು, ವಿಚ್ಛೇದನದ ಅರ್ಜಿ, ಹುಡುಗಿಯ ಬಯೋಡೇಟಾ ಎಲ್ಲವೂ ನನ್ನ ಗಾಜಿನ ಮೇಲೆ ಒಂದು ಸಲ ಬೋರಲು ಮಲಗಿ ಎದ್ದೇ ಮುಂದಕ್ಕೆ ಹೋಗುವುದು.

ತಮ್ಮ ಹನ್ನೊಂದನೆಯ ಪಾಠದ ಹೆಸರು ‘ಮಹಿಳೆಯರೊಂದಿಗೆ ಸಭ್ಯ ಇಂಗ್ಲಿಷ್’. ಎದುರಿಗಿರುವ ಮಹಿಳೆ ಯಾರೇ ಆಗಿರಲಿ, ಮಾತು ‘ಮ್ಯಾಮ್’ ಎಂದೇ ಶುರುವಾಗಬೇಕು ಎಂದು ಅಪ್ಪಣೆ ಕೊಡಿಸಿದ್ದೀರಿ. ಮದುವೆಯಾಗಿದ್ದರೆ ಮಿಸೆಸ್, ಆಗಿರದಿದ್ದರೆ ಮಿಸ್, ಆಗಿದೆಯೋ ಇಲ್ಲವೋ ತಿಳಿಯದಿದ್ದರೆ ಮಿಜ್. ‘ಆಂಟಿ’ ಸರ್ವಥಾ ಕೂಡದು. ನಗುಮುಖ ಕಡ್ಡಾಯ. ಇಷ್ಟನ್ನು ನಾನು ಓದಿ ಮುಗಿಸುವಷ್ಟರಲ್ಲಿ ತಮ್ಮ ಶಿಷ್ಯ ಫೋನಿನಿಂದ ಕತ್ತೆತ್ತದೆ, “ಆಂಟೀ, ಬ್ಯಾಕ್ ಟು ಬ್ಯಾಕ್ ಹಾಕ್ಬಿಡಿ, ಸ್ವಲ್ಪ ಅರ್ಜೆಂಟು” ಅಂದ. ಹನ್ನೊಂದನೆಯ ಪಾಠ ಅವನಿಗೆ ಇನ್ನೂ ಆಗಿರಲಿಕ್ಕಿಲ್ಲ. ಆಗುವುದಾದರೂ ಹೇಗೆ, ಪಾಠ ಜೆರಾಕ್ಸ್ ಆಗಬೇಕಲ್ಲ.

ಆಂಟಿಯ ಮೇಲೆ ನನಗೆ ತಕರಾರಿಲ್ಲ ಮಾಸ್ತರೇ. ಆಂಟಿ ಎನ್ನುವ ಹುಡುಗ ನನ್ನ ತಲೆಗೂದಲು ನೋಡಿರುತ್ತಾನೆ, ಒಂದು ಅಂದಾಜು ಹಾಕಿರುತ್ತಾನೆ, ತನ್ನಮ್ಮನ ಸಾಲಿನಲ್ಲಿ ಒಂದು ಕುರ್ಚಿ ಕೊಟ್ಟಿರುತ್ತಾನೆ. ಸಿನಿಮಾದವರೂ ಕಾಲೇಜು ಕಟ್ಟೆಯವರೂ ಆ ಮಾತನ್ನು ಬೇರೆ ಕೆಲಸಕ್ಕೆ ಹಚ್ಚಿದ್ದು ಅವನ ತಪ್ಪಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ತಮ್ಮ ಪಾಠದ ಆ ಎರಡು ಮಾತು: ಯಾರೇ ಆಗಿರಲಿ. ಅದನ್ನು ತಾವು ನಿಜವಾಗಿ ಯೋಚಿಸಿ ಬರೆದಿದ್ದರೆ, ಈ ಜಿಲ್ಲೆಯಲ್ಲಿ ಬಸವಣ್ಣನವರ ಕಾಲದ ನಂತರ ಅಷ್ಟು ದೊಡ್ಡ ಮಾತನ್ನು ಯಾರೂ ತಿಂಗಳಿಗಿಷ್ಟು ಫೀಸಿನಲ್ಲಿ ಕಲಿಸಿದ್ದಿಲ್ಲ. ಯೋಚಿಸಿಯೇ ಬರೆದಿದ್ದೀರಿ ಎಂದು ನಂಬಿ, ತಮ್ಮ ವಿದ್ಯಾರ್ಥಿಗಳಿಗೆ ಈ ಎರಡು ಊರುಗಳಲ್ಲಿ ಎದುರಾಗಬಹುದಾದ ಕೆಲವು ತೊಡಕುಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ. ಮುಂದಿನ ಮುದ್ರಣಕ್ಕೆ ಸಹಾಯವಾದೀತು.

ಮೊದಲು ಸುಲಭದ್ದನ್ನು ಮುಗಿಸಿಬಿಡೋಣ. ಮಿಸ್, ಮಿಸೆಸ್, ಮಿಜ್ ಇವುಗಳ ಭೇದವನ್ನು ತಾವು ಕೋಷ್ಟಕ ಹಾಕಿ ವಿವರಿಸಿದ್ದೀರಿ. ಗಂಡಸಿಗೆ ಮದುವೆಯಾಗಲಿ ಬಿಡಲಿ ಒಂದೇ ಮಿಸ್ಟರ್ ಸಾಕು. ಹೆಂಗಸಿಗೆ ಮಾತ್ರ ತಾಳಿಯ ಸ್ಥಿತಿಗತಿಯನ್ನು ಹೆಸರಿನ ಮುಂದೆ ತೂಗುಹಾಕಬೇಕು. ಇಂಗ್ಲಿಷ್ ಬಲ್ಲ ಹೆಂಗಸರಿಗೇ ಇದು ಸಾಕಾಗಿಹೋಗಿತ್ತು. 1961ರಲ್ಲಿ ಶೀಲಾ ಮೈಕೆಲ್ಸ್ ಎಂಬ ಅಮೆರಿಕದ ತರುಣಿ, ಮನೆ ಹಂಚಿಕೊಂಡಿದ್ದ ಗೆಳತಿಗೆ ಬಂದ ಅಂಚೆಯ ವಿಳಾಸದಲ್ಲಿ ಈ ‘ಮಿಜ್’ ನೋಡಿ ಮೊದಲು ಅಚ್ಚಿನ ತಪ್ಪು ಎಂದುಕೊಂಡಳಂತೆ. ಆಮೇಲೆ ಅದನ್ನೇ ಹಿಡಿದುಕೊಂಡು ವರ್ಷಗಟ್ಟಲೆ ಹೇಳುತ್ತ ಬಂದಳು. 1972ರಲ್ಲಿ ಅದೇ ಹೆಸರಿನ ಪತ್ರಿಕೆ ನೆಲೆಗೊಂಡಿತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮನಸ್ಸು ಮಾಡಿ ಆ ಪದವನ್ನು ತನ್ನ ಕಾಲಮ್ಮುಗಳಿಗೆ ಬಿಟ್ಟುಕೊಂಡದ್ದು 1986ರಲ್ಲಿ. ಪಶ್ಚಿಮ ಜರ್ಮನಿ 1972ರಲ್ಲಿ ಸರ್ಕಾರಿ ಕಾಗದಗಳಿಂದ ತನ್ನ ಮಿಸ್ಸಾದ ‘ಫ್ರಾಯ್‌ಲೈನ್’ ತೆಗೆಯಿತು, ಫ್ರಾನ್ಸಿನ ಸರ್ಕಾರ ತನ್ನ ಮಿಸ್ಸಾದ ‘ಮದ್ಮುವಾಝೆಲ್’ ಬಿಟ್ಟದ್ದು 2012ರಲ್ಲಿ. ದೊಡ್ಡ ದೊಡ್ಡ ದೇಶಗಳು ಇಷ್ಟೆಲ್ಲ ಹೋರಾಟ, ಸುತ್ತೋಲೆ ಮಾಡಿ ಬಿಡಿಸಿದ ಗಂಟನ್ನು ನಮ್ಮ ಅಂಗನವಾಡಿಯ ಮಕ್ಕಳು ಯಾವ ಸುತ್ತೋಲೆಯೂ ಇಲ್ಲದೆ ಬಿಡಿಸಿವೆ. ಪಾಠ ಹೇಳುವವರೆಲ್ಲ ಮಿಸ್ಸು. ನಮ್ಮ ಬೀದಿಯ ಮಿಸ್ಸಿಗೆ ಮೊಮ್ಮಕ್ಕಳಿದ್ದಾರೆ, ಮೊನ್ನೆ ಷಷ್ಟ್ಯಬ್ದಿಯೂ ಆಯಿತು. ಗಂಡನೂ ಮನೆಯಲ್ಲಿ ಅವರನ್ನು “ಮಿಸ್ಸೇ” ಎಂದೇ ಕೂಗುತ್ತಾರೆ. ಕೋಷ್ಟಕದಲ್ಲಿ ಅವರನ್ನು ಎಲ್ಲಿ ಕೂರಿಸುತ್ತೀರೋ ತಾವೇ ನೋಡಿ.

‘ಮ್ಯಾಮ್’ ಉಚ್ಚಾರದ ಬಗ್ಗೆಯೂ ತಾವು ಕಟ್ಟುನಿಟ್ಟು. ಒಳ್ಳೆಯದೇ. ಇಂಗ್ಲೆಂಡಿನ ರಾಣಿಯನ್ನು ಕಾಣಲು ಹೋದವರಿಗೆ ಅರಮನೆಯವರು ಮೊದಲೇ ಹೇಳಿಕೊಡುತ್ತಿದ್ದರಂತೆ, ಬ್ರೆಡ್ಡಿಗೆ ಹಚ್ಚುವ ಜ್ಯಾಮಿನ ಪ್ರಾಸಕ್ಕೆ ಸರಿಯಾಗಿ ಮ್ಯಾಮ್ ಅನ್ನಬೇಕು ಎಂದು. ಇಲ್ಲಿ ಆ ಪ್ರಾಸ ಉಳಿದಿಲ್ಲ. ತಾಲ್ಲೂಕು ಆಫೀಸಿನ ಜಗಲಿಯಲ್ಲಿ ಅದು ಮೇಡಮ್ಮಾಗಿ, ಅಲ್ಲಿಂದ ‘ಮೇಡಮ್ನೋರು’ ಆಗಿ, ಇಂಗ್ಲಿಷಿನ ಗೌರವದ ಮೇಲೆ ಕನ್ನಡದ ಗೌರವವನ್ನೂ ಹೊದ್ದುಕೊಂಡು ಕೂತಿದೆ. ಮಹಿಳಾ ಸಬ್‌ಇನ್‌ಸ್ಪೆಕ್ಟರ್ ಎದುರಾದರೆ ನಮ್ಮವರು ಅಷ್ಟಕ್ಕೂ ತೃಪ್ತರಾಗದೆ “ಸರ್… ಮೇಡಂ” ಎಂದು ಎರಡನ್ನೂ ಒಪ್ಪಿಸಿಬಿಡುತ್ತಾರೆ. ಗೌರವ ಕಡಿಮೆಯಾಯಿತು ಎಂಬ ದೂರು ಬರಬಾರದು ನೋಡಿ.

ಇನ್ನು ತೊಡಕಿಗೆ ಬರುತ್ತೇನೆ. ಗಾಂಧಿ ಬಜಾರಿನ ಬಟ್ಟೆ ಅಂಗಡಿಗಳಲ್ಲಿ ತಮ್ಮ ಶಿಷ್ಯರು ಬಹಳ ಮಂದಿ ಕೆಲಸಕ್ಕಿದ್ದಾರೆಂದು ಕೇಳಿದ್ದೇನೆ. ನಾದಿನಿಯ ಮಗಳ ಮದುವೆಗೆ ಸೀರೆ ತೆಗೆಯಲು ಒಂದು ಅಂಗಡಿಗೆ ಹೋಗಿದ್ದೆ. ಹೆಸರು ಬೇಡ, ಅವರೂ ಗಿರಾಕಿಗಳೇ, ಬಿಲ್ ಪುಸ್ತಕ ನನ್ನಲ್ಲೇ ಮಾಡಿಸುವುದು. ಬಾಗಿಲಲ್ಲಿ ನಿಂತವನು “ಬನ್ನಿ ಅಕ್ಕಾ” ಅಂದ. ನೆಲಮಾಳಿಗೆಯಲ್ಲಿ ಕೆಲಸದವರಿಗೆ ಕೊಡುವ ಸೀರೆ ತೋರಿಸುವವನು, “ಆಂಟಿ, ಇದಕ್ಕಿಂತ ಕಮ್ಮಿದು ಬರಲ್ಲ” ಅಂದ. ಮೊದಲನೇ ಮಹಡಿಯ ಕಾಟನ್ ಸಿಲ್ಕಿನವನು “ನೋಡಿ ಮೇಡಂ” ಅಂದ. ಎರಡನೇ ಮಹಡಿಯಲ್ಲಿ, ಹಾಸುಗಂಬಳಿಯ ಮೇಲೆ ಎ.ಸಿ. ಗಾಳಿಯಲ್ಲಿ, ರೇಷ್ಮೆ ಸೀರೆಯ ಮಡಿಕೆ ಬಿಚ್ಚುತ್ತ ಒಬ್ಬ ಹುಡುಗ ಜ್ಯಾಮಿನ ಪ್ರಾಸಕ್ಕೆ ಸರಿಯಾಗಿ “ಮ್ಯಾಮ್, ಕಾಫಿ ಆರ್ ಜ್ಯೂಸ್?” ಎಂದು ಕೇಳಿದ. ನಾನು ಅದೇ ಹೆಂಗಸು. ಅದೇ ಚಪ್ಪಲಿ, ಕೈಯಲ್ಲಿ ಅದೇ ಟೋನರ್ ಕಲೆ. ಮೆಟ್ಟಿಲು ಹತ್ತಿದ್ದಷ್ಟೇ ನಾನು ಮಾಡಿದ ಪುಣ್ಯ. ಇಳಿದು ಬರುವಾಗ ಬಾಗಿಲಿನವನು ಕೈಯಲ್ಲಿ ನೆಲಮಾಳಿಗೆಯ ಚೀಲ ಮಾತ್ರ ಇರುವುದನ್ನು ನೋಡಿ ಏನೂ ಕರೆಯಲಿಲ್ಲ.

ಆದ್ದರಿಂದ ತಮ್ಮ ನೋಟ್ಸಿನಲ್ಲಿ ಮದುವೆಯ ಕೋಷ್ಟಕದ ಪಕ್ಕದಲ್ಲೇ ಒಂದು ದರಪಟ್ಟಿಯನ್ನೂ ಹಾಕಿ. ಎಷ್ಟು ರೂಪಾಯಿಯ ತನಕ ಆಂಟಿ, ಎಲ್ಲಿಂದ ಮೇಲೆ ಮೇಡಂ, ಯಾವ ಮಹಡಿಯಿಂದ ಮ್ಯಾಮ್. ಹುಡುಗರಿಗೆ ಗೊಂದಲ ಇರುವುದಿಲ್ಲ, ನಮಗೂ ಮೊದಲೇ ತಿಳಿದಿರುತ್ತದೆ.

ದರಪಟ್ಟಿಯ ಕೆಳಗೆ ಉಳಿಯುವವರಿಗೆ ಏನು ಮಾಡೋಣ ಎಂಬುದು ಮುಖ್ಯ ಪ್ರಶ್ನೆ. ಬೆಳಿಗ್ಗೆ ಆರಕ್ಕೆ ನನ್ನ ಅಂಗಡಿಯ ಮುಂದೆ ಗುಡಿಸುವಾಕೆಗೆ ಸರ್ಕಾರದ ಕಾಗದದಲ್ಲಿ ಪೌರಕಾರ್ಮಿಕರು ಎಂಬ ಹೆಸರಿದೆ. ಬೀದಿಯಲ್ಲಿ “ಏ ಕಸದೋಳೇ, ಇಲ್ಲೊಂದ್ಚೂರು ಗುಡ್ಸು” ಎಂದಿದೆ. ಮನೆಮನೆಗೆ ಬಂದು ಬಸುರಿ ಬಾಣಂತಿಯರ ಲೆಕ್ಕ ಬರೆದುಕೊಳ್ಳುವಾಕೆಗೆ ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಕೆಲಸದ ಹೆಸರೇ ಗಟ್ಟಿಯಾಗಿ “ಆಶಾ ಬಂದ್ಲು ನೋಡು” ಆಗಿದೆ. ತಮ್ಮ ಕ್ಲಾಸಿನ ಮೆಟ್ಟಿಲ ಬಳಿ ಸೊಪ್ಪು ಮಾರುವ ಅಜ್ಜಿಗೆ ತಮ್ಮ ಹುಡುಗರು ಏನನ್ನುತ್ತಾರೆ ಎಂದು ನಾನು ಒಂದು ಸಂಜೆ ನಿಂತು ಕೇಳಿದೆ. “ಏನಮ್ಮಾ, ಕಟ್ಟು ಎಷ್ಟಕ್ಕೆ ಕೊಡ್ತೀಯಾ?” ಮೇಲೆ ಹೋಗಿ ಅದೇ ಹುಡುಗ ರಿಸೆಪ್ಷನ್ನಿನ ಹುಡುಗಿಗೆ, “ಗುಡ್ ಈವ್ನಿಂಗ್ ಮ್ಯಾಮ್.” ಆ ಹುಡುಗಿ ಸೊಪ್ಪಿನಜ್ಜಿಯ ಮೊಮ್ಮಗಳೇ ಇದ್ದರೂ ಆಶ್ಚರ್ಯವಿಲ್ಲ, ಊರು ಅಷ್ಟು ದೊಡ್ಡದೇನಲ್ಲ.

ಇಲ್ಲಿ ಕನ್ನಡಾಭಿಮಾನಿಗಳು ಎದ್ದು ನಿಲ್ಲುತ್ತಾರೆ. ನವೆಂಬರ್ ಬಂದರೆ ಧ್ವಜದ ಕಾಗದ ಕೇಳಲು ಬರುವವರು ನನಗೆ ಗೊತ್ತಿದ್ದಾರೆ. ಅವರ ವಾದ, ಈ ಮ್ಯಾಮು ಮೇಡಮ್ಮು ಎಲ್ಲ ಬ್ರಿಟಿಷರ ಕಸ, ನಮ್ಮ ಅಕ್ಕ, ಅಮ್ಮ, ತಾಯಿ ಸಾಲದೇ ಎಂದು. ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಉಡುತಡಿಯಲ್ಲಿ ಹುಟ್ಟಿದ ಮಹಾದೇವಿಯನ್ನು ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಹಿರಿಯರೆಲ್ಲ ಅಕ್ಕ ಎಂದರಲ್ಲ, ಅದಕ್ಕಿಂತ ದೊಡ್ಡ ಬಿರುದು ಬೇಕೇ ಎಂದು. ಬೇಡ, ಖಂಡಿತ ಬೇಡ. ಆದರೆ ಅವಳನ್ನು ಅಕ್ಕ ಎಂದವರು ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರು, ಎದ್ದುನಿಂತು ಅಂದರು. ನಾವು ಅಕ್ಕ ಎನ್ನುವುದು ಕೂತಲ್ಲಿಂದ. “ಏನಮ್ಮಾ” ಎನ್ನುವಲ್ಲಿ ತಾಯಿಯೂ ಇಲ್ಲ, ಮಮತೆಯೂ ಇಲ್ಲ, ಚೌಕಾಸಿ ಇದೆ. ನಮ್ಮ ಬಂಧುತ್ವದ ಮಾತುಗಳೇನು ಸಾಮಾನ್ಯದವಲ್ಲ ಮಾಸ್ತರೇ, ಮೇಲಿನವರಿಗೆ ಅಮ್ಮಾವ್ರು, ಕೆಳಗಿನವರಿಗೆ ಅಮ್ಮ. ಬಾಲದಲ್ಲಿರುವ ‘ಅವ್ರು’ ಯಾರಿಗೆ ಸಿಗುತ್ತದೆ ಎಂದು ನೋಡಿಕೊಂಡರೆ ಇಡೀ ಬೀದಿಯ ಆದಾಯ ತೆರಿಗೆ ಲೆಕ್ಕ ಸಿಗುತ್ತದೆ.

ನನ್ನ ತವರು ಭದ್ರಾವತಿ. ಹಳೆಯ ಹೆಸರು ಬೆಂಕಿಪುರ. 1923ರಲ್ಲಿ ಮೈಸೂರು ಸಂಸ್ಥಾನ ಅಲ್ಲಿ ಕಬ್ಬಿಣದ ಕಾರ್ಖಾನೆ ಶುರುಮಾಡಿತು, 1936ರಲ್ಲಿ ಕಾಗದದ ಕಾರ್ಖಾನೆ ಬಂತು. ಕೆಲಸ ಹುಡುಕಿಕೊಂಡು ತಮಿಳರು, ತೆಲುಗರು, ಮಲೆಯಾಳಿಗಳು, ಉರ್ದು ಮಾತಿನವರು ಎಲ್ಲ ಬಂದು ಸೇರಿದರು. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಒಂದು ಮನೆಯಾಕೆ ಅಕ್ಕಾ, ಒಂದು ಮನೆಯಾಕೆ ಚೇಚಿ, ಮೂಲೆಮನೆಯವರು ಆಪಾ, ಎದುರಿನವರು ಅತ್ತೆ. ಇಂಗ್ಲಿಷ್ ಕ್ಲಾಸಿಲ್ಲದೆ ನಾಲ್ಕು ಭಾಷೆಯ ಸಭ್ಯತೆ ನಮಗೆ ನಲ್ಲಿಯ ಸಾಲಿನಲ್ಲೇ ಬಂತು. ಇದನ್ನು ನೆನೆದು ಕಣ್ಣೊರೆಸಿಕೊಳ್ಳುವ ಚಟ ನನ್ನ ವಾರಿಗೆಯವರಿಗೆ ಬಹಳ. ಅವರು ಮರೆಯುವುದೇನೆಂದರೆ, ಆ ನಂಟಸ್ತಿಕೆ ನಮ್ಮ ಸಾಲಿನ ಕೊನೆಯ ಕಂಬದ ತನಕ ಮಾತ್ರ ಇತ್ತು. ಕಾಂಪೌಂಡಿನೊಳಗಿನ ದೊಡ್ಡ ಬಂಗಲೆಯ ಹೆಂಗಸು ಯಾರಿಗೂ ಚೇಚಿಯಲ್ಲ, ಆಪಾ ಅಲ್ಲ. ಅಮ್ಮಾವ್ರು. ಅವರ ಮುಂದೆ ನಮ್ಮಮ್ಮ “ಫಿಟ್ಟರ್ ಹೆಂಡ್ತಿ”. ಬೇರೆ ಊರಿಗೆ ಹೋದಾಗಲೂ ಅಮ್ಮ ತನ್ನ ಪರಿಚಯವನ್ನು ಹಾಗೇ ಹೇಳಿಕೊಳ್ಳುತ್ತಿದ್ದಳು, ಹೆಮ್ಮೆಯಿಂದ. ಆ ಕಾಗದದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಕಾಗದದ ಊರಿನ ಮಗಳು ನಾನು, ಕಟ್ಟಿನ ಮೇಲೆ ಬೇರೆ ರಾಜ್ಯದ ಹೆಸರಿರುವ ಹಾಳೆ ತರಿಸುತ್ತೇನೆ. ಇದಕ್ಕೂ ತಮ್ಮ ಪಾಠಕ್ಕೂ ಸಂಬಂಧವಿಲ್ಲ, ಸುಮ್ಮನೆ ಹೇಳಿದೆ.

ತಾವು ಇಂಗ್ಲಿಷ್ ಮಾಸ್ತರರು, ತಮಗೆ ಹೇಳಬೇಕಿಲ್ಲ: ಇಂಗ್ಲಿಷಿನಲ್ಲಿ ‘ಯು’ ಒಂದೇ. ರಾಣಿಗೂ ಯು, ರಾಣಿಯ ನಾಯಿಗೂ ಯು. ‘ಕಮ್’ ಎಂದರೆ ಬಾ ಕೂಡ ಆಯಿತು, ಬನ್ನಿ ಕೂಡ ಆಯಿತು. ಕ್ರಿಯಾಪದದಲ್ಲಿ ಮರ್ಯಾದೆ ಇಡಲು ಜಾಗವಿಲ್ಲದ್ದರಿಂದ ಪಾಪ ಅವರು ಮ್ಯಾಮ್ ಎಂದು ಹೊರಗಿನಿಂದ ಅಂಟಿಸಬೇಕು. ನಮ್ಮಲ್ಲಿ ಹಾಗಲ್ಲ. ಬಾಯಿ ತೆರೆದು ಕ್ರಿಯಾಪದ ಮುಗಿಸುವ ಮೊದಲೇ, ಎದುರಿನ ಹೆಂಗಸಿಗೆ ಬಾ ಎನ್ನುವುದೋ ಬನ್ನಿ ಎನ್ನುವುದೋ ತೀರ್ಮಾನವಾಗಿಬಿಟ್ಟಿರಬೇಕು. ಬಂದವರು ಯಾರು, ಮೈಮೇಲೆ ಏನಿದೆ, ಸ್ಕೂಟಿಯಿಂದ ಇಳಿದರೋ ಬುಟ್ಟಿ ಹೊತ್ತು ನಡೆದು ಬಂದರೋ, ಎಲ್ಲ ಅರೆಕ್ಷಣದಲ್ಲಿ. ತಮ್ಮ ಮ್ಯಾಮ್ ಬಂದು ಕೂತದ್ದು ಆಗಲೇ ‘ಬನ್ನಿ’ ಪಡೆದವರ ತಲೆಯ ಮೇಲೆ. ‘ಬಾ’ ಎನಿಸಿಕೊಂಡಾಕೆಗೆ ಅದು ಇಳಿದುಬಂದದ್ದನ್ನು ನಾನಂತೂ ಕೇಳಿಲ್ಲ. “ಮ್ಯಾಮ್, ಇಲ್ಲಿ ಬಾ, ಈ ಮೂಲೆ ಒರ್ಸು” ಎಂದು ಯಾರಾದರೂ ಅಂದರೆ ದಯವಿಟ್ಟು ನನಗೆ ತಿಳಿಸಿ, ಲ್ಯಾಮಿನೇಷನ್ ಮಾಡಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆ.

ಆಸ್ಪತ್ರೆಯ ವಿಷಯ ತಮ್ಮ ಪಾಠದಲ್ಲಿ ಬಂದಿಲ್ಲ. ಅಲ್ಲಿ ಸಿಸ್ಟರ್ ಎಂಬ ಬೇರೆಯೇ ಇಂಗ್ಲಿಷ್ ಇದೆ. ಕ್ರೈಸ್ತ ಸನ್ಯಾಸಿನಿಯರು ರೋಗಿಗಳ ಸೇವೆ ಮಾಡುತ್ತಿದ್ದ ಕಾಲದ ನೆನಪು. ಮಲೆನಾಡಿನ ಮೂಲೆಯಿಂದ ಬಂದ ರೋಗಿಗೆ ಬಿಳಿ ಕೋಟಿನಲ್ಲಿರುವ ಗಂಡು ಹುಡುಗರೆಲ್ಲ ಡಾಕ್ಟ್ರು, ಹೆಣ್ಣುಮಕ್ಕಳೆಲ್ಲ ಸಿಸ್ಟರು. ನನ್ನ ಗೆಳತಿಯ ಮಗಳು ಎಂ.ಡಿ. ಮಾಡಿ ಬಂದಿದ್ದಾಳೆ, ಕೊರಳಲ್ಲಿ ಸ್ಟೆತಸ್ಕೋಪ್ ಇದೆ. ಅವಳು ಪರೀಕ್ಷೆ ಮಾಡಿ ಮಾತ್ರೆ ಬರೆದುಕೊಟ್ಟ ಮೇಲೆ ಅಜ್ಜ ಒಬ್ಬರು, “ಆಯ್ತು ಸಿಸ್ಟ್ರೇ, ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?” ಅಂದರಂತೆ. ಪಕ್ಕದಲ್ಲಿ ಬಿ.ಪಿ. ನೋಡುತ್ತಿದ್ದ ನರ್ಸ್ ಹುಡುಗನನ್ನು ತೋರಿಸಿ, “ಓ ಇವ್ರೇ ಏನು?” ಎಂದೂ ಕೇಳಿದರಂತೆ. ಅವಳು ನಗಾಡಿಕೊಂಡು ಹೇಳಿದಳು. ನಗಾಡದಿದ್ದರೆ ಒ.ಪಿ.ಡಿ. ಸಾಗುವುದಿಲ್ಲವಲ್ಲ.

ಬಾಯಿಮಾತಿಗಿಂತ ಕಾಗದದ ಮೇಲಿನ ಸಂಬೋಧನೆ ನನ್ನ ಕಸುಬಿಗೆ ಹತ್ತಿರ. ಅಲ್ಲಿನ ಸಭ್ಯತೆಯನ್ನು ತಾವು ಒಮ್ಮೆ ಬಂದು ನೋಡಬೇಕು. ಪಹಣಿಯಲ್ಲಿ, ಛಾಪಾ ಕಾಗದದಲ್ಲಿ ಗಂಡಸು ‘ಬಿನ್’, ಅಂದರೆ ಇಂಥವರ ಮಗ. ಹೆಂಗಸು ‘ಕೋಂ’, ಇಂಥವರ ಹೆಂಡತಿ. ಗಂಡ ಸತ್ತರೆ ‘ಕೋಂ ಲೇಟ್’. ಲೇಟಾದದ್ದು ಅವನು, ಹೊತ್ತು ತಿರುಗುವುದು ಇವಳು. ಮದುವೆ ಕಾರ್ಡುಗಳಲ್ಲಿ ಇನ್ನೂ ಸೊಗಸು: ‘ಶ್ರೀಮತಿ ಮತ್ತು ಶ್ರೀ’ ಎಂದು ಮೊದಲು ಹೆಂಗಸಿಗೆ ಜಾಗ ಬಿಟ್ಟು, ಆಮೇಲೆ ಗಂಡನ ಹೆಸರೊಂದನ್ನೇ ಹಾಕುತ್ತಾರೆ. ಲೇಡೀಸ್ ಫಸ್ಟ್ ಎಂಬ ಇಂಗ್ಲಿಷ್ ಸಭ್ಯತೆ ನಮ್ಮಲ್ಲಿ ಇಷ್ಟು ಅಚ್ಚುಕಟ್ಟಾಗಿ ಕೂತಿರುವುದು ಇನ್ನೆಲ್ಲೂ ಇಲ್ಲ. ಶ್ರೀಮತಿ ಮುಂದೆ ನಿಂತಿದ್ದಾಳೆ, ಹೆಸರು ಮನೆಯಲ್ಲಿ ಬಿಟ್ಟು ಬಂದಿದ್ದಾಳೆ.

2023ರಲ್ಲಿ ಗೃಹಲಕ್ಷ್ಮಿ ಅರ್ಜಿ ಶುರುವಾದಾಗ ನನ್ನ ಅಂಗಡಿಯ ಮುಂದೆ ಜಾತ್ರೆ. ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು. ತಿಂಗಳಿಗೆ 2000 ರೂಪಾಯಿ ಮನೆಯ ‘ಯಜಮಾನಿ’ಯ ಖಾತೆಗೆ ಎಂದು ಸರ್ಕಾರ ಹೇಳಿತ್ತು. ಸಂಬೋಧನೆಯ ಇತಿಹಾಸದಲ್ಲಿ ಇದು ಸಣ್ಣ ಘಟನೆಯಲ್ಲ. ರಾಜ್ಯದ ಮನೆಮನೆಯ ಹೆಂಗಸಿಗೆ ಒಂದೇ ಸಲ ಬಡ್ತಿ. ಹೊಳೆಹೊನ್ನೂರು ಕಡೆಯಿಂದ ಬಂದಿದ್ದ ಹೆಂಗಸೊಬ್ಬರನ್ನು, “ಯಜಮಾನಿ ಯಾರು, ಅವರ ಆಧಾರ್ ಕೊಡಿ” ಎಂದು ಕೇಳಿದೆ. “ಯಜಮಾನ್ರು ಆಟೋದಲ್ಲಿ ಕೂತಿದಾರೆ, ಕರೀಲಾ?” ಅಂದರು. ನೀವೇ ಯಜಮಾನಿ ಎಂದು ಬಿಡಿಸಿ ಹೇಳಿದ ಮೇಲೆ ಸೆರಗು ಸರಿಮಾಡಿಕೊಂಡು ಫೋಟೋ ತೆಗೆಸಲು ಬಂದವರ ಹಾಗೆ ನೆಟ್ಟಗೆ ನಿಂತರು. ದುಡ್ಡು ಬರುತ್ತಿದೆಯೋ ಇಲ್ಲವೋ ವಿಚಾರಿಸಿಲ್ಲ. ಆ ನಿಲುವು ಮಾತ್ರ ಚೆನ್ನಾಗಿತ್ತು.

ಕರೆಯುವ ಮಾತನ್ನೇ ಕಿತ್ತುಹಾಕಿದರೆ ಹೇಗೆ ಎಂದು ತಾವು ಕೇಳಬಹುದು. ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಪಂಚಾಯಿತಿ 2021ರಲ್ಲಿ ಅದನ್ನೇ ಮಾಡಿತು. ಕಚೇರಿಗೆ ಬರುವ ಜನ ಇನ್ನು ಸರ್ ಎನ್ನಬೇಕಿಲ್ಲ, ಮೇಡಂ ಎನ್ನಬೇಕಿಲ್ಲ, ಹೆಸರು ಅಥವಾ ಹುದ್ದೆ ಹೇಳಿ ಕರೆಯಲಿ ಎಂದು ಎಲ್ಲ ಪಕ್ಷದವರೂ ಸೇರಿ ಠರಾವು ಮಾಡಿದರು. ಅರ್ಜಿಯಲ್ಲಿ ಬೇಡಿಕೊಳ್ಳುವುದೂ ಬೇಡ, ಹಕ್ಕು ಎಂದೇ ಬರೆಯಲಿ ಎಂದರು. ನನ್ನ ಗಾಜಿನ ಮೇಲೆ ದಿನವಿಡೀ ‘ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ’ ಹಾದುಹೋಗುವುದರಿಂದ ಈ ಸುದ್ದಿ ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಆದರೆ ಇಲ್ಲಿ ನಡೆಯದು ಬಿಡಿ. ನಮ್ಮ ಜನಕ್ಕೆ ಸರ್ ಎನ್ನದೆ ಬಾಯಿ ಒಣಗುತ್ತದೆ, ಮೇಜಿನ ಆಚೆಯವರಿಗೆ ಕೇಳದೆ ಕಿವಿ ಒಣಗುತ್ತದೆ. ತಮ್ಮ ಉದ್ಯಮಕ್ಕೂ ನಷ್ಟ.

ತಮ್ಮ ಉದ್ಯಮ ಉಳಿಯಬೇಕು ಎಂದೇ ನನ್ನ ಆಸೆ, ಜೆರಾಕ್ಸಿನ ಸ್ವಾರ್ಥವೂ ಇದೆ. ಅದಕ್ಕೇ ಒಂದು ಸಲಹೆ. ಮೂವತ್ತನೆಯ ದಿನ ತಾವು ಕನ್ನಡಿಯ ಮುಂದೆ ನಿಲ್ಲಿಸಿ ‘ಹೌ ಮೇ ಐ ಹೆಲ್ಪ್ ಯು ಮ್ಯಾಮ್’ ಹೇಳಿಸಿ ಸರ್ಟಿಫಿಕೇಟು ಕೊಡುತ್ತೀರಂತೆ. ಕನ್ನಡಿಯೊಳಗೆ ಕಾಣುವವನಿಗೆ ಮರ್ಯಾದೆ ಕೊಡುವುದು ಯಾರಿಗೂ ಕಷ್ಟವಲ್ಲ. ಪರೀಕ್ಷೆಯನ್ನು ಬೆಳಗಿನ ಭದ್ರಾವತಿ ಬಸ್ಸಿನಲ್ಲಿ ಇಡಿ.

ದುಡ್ಡು ಕೊಟ್ಟು ಹತ್ತುವ ಬಸ್ಸೂ ಇರಲಿ, ಶೂನ್ಯ ಟಿಕೆಟ್ಟಿನ ಬಸ್ಸೂ ಇರಲಿ. 2023ರ ಜೂನ್ 11ರಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಇಲ್ಲವಾದ ಮೇಲೆ ಈ ರಸ್ತೆಯ ಭಾಷೆಯೇ ಎರಡು ಹೋಳಾಗಿದೆ. ಸೀಟು ತುಂಬದ ಕಡೆ ಬಾಗಿಲಲ್ಲಿ ಜೋತುಬಿದ್ದು “ಬನ್ನಿ ಮೇಡಂ, ಖಾಲಿ ಇದೆ, ಕೂತ್ಕೊಂಡೇ ಹೋಗಿ ಮೇಡಂ” ಎನ್ನುತ್ತಾರೆ. ತುಂಬಿ ಚೆಲ್ಲುವ ಕಡೆ ಅದೇ ಮೇಡಮ್ಮಿಗೆ “ಒಳಗ್ ಹೋಗಮ್ಮಾ, ಆಧಾರ್ ಕೈಲಿ ಇಟ್ಕೋ”. ಎಲ್ಲರೂ ಹೀಗಲ್ಲ. ಎಷ್ಟು ರಷ್ಷಿದ್ದರೂ “ಒಂಚೂರು ಜರುಗಿ ಅಕ್ಕಾ” ಎನ್ನುವ ಕಂಡಕ್ಟರ್ ಒಬ್ಬರನ್ನು ನಾನು ಬಲ್ಲೆ, ತಮ್ಮ ಕ್ಲಾಸಿಗೆ ಬಂದವರಲ್ಲ.

ಬಸ್ ನಿಲ್ದಾಣದಲ್ಲಿ ಹುಡುಗರನ್ನು ಹತ್ತಿಸಿ. ಮಲವಗೊಪ್ಪ ದಾಟುವ ಹೊತ್ತಿಗೆ ಬಸ್ಸು ತುಂಬಿರುತ್ತದೆ. ಮಾಚೇನಹಳ್ಳಿಯಲ್ಲಿ ಗಾರ್ಮೆಂಟ್ಸಿಗೆ ಹೋಗುವ ಹುಡುಗಿಯರು ಇಳಿಯಬೇಕು, ಬಾಗಿಲಲ್ಲಿ ತಮ್ಮ ಶಿಷ್ಯ ಫೋನು ಹಿಡಿದು ನಿಂತಿರುತ್ತಾನೆ. ಅವನು ಅವರಿಗೆ ದಾರಿ ಬಿಡುವಾಗ ಬಾಯಿಂದ ಬರುವ ಮೊದಲ ಮಾತು ಒಂದನೇ ಪ್ರಶ್ನೆಗೆ ಉತ್ತರ. ಏನೂ ಅನ್ನದೆ ಪಕ್ಕಕ್ಕೆ ಸರಿದರೂ ಪೂರ್ತಿ ಅಂಕ ಕೊಡಿ. ಅಲ್ಲೇ ಹೂವಿನ ಬುಟ್ಟಿ ಇಟ್ಟುಕೊಂಡು ಇಂಜಿನ್ ಪಕ್ಕ ನೆಲದಲ್ಲಿ ಒಬ್ಬಾಕೆ ಕೂತಿರುತ್ತಾರೆ, ಕಾಲಿಡಲು ಜಾಗವಿರುವುದಿಲ್ಲ. ಬುಟ್ಟಿ ಸರಿಸಿ ಎಂದು ಕೇಳಬೇಕು. ಇಂಗ್ಲಿಷ್ ಕಡ್ಡಾಯವಲ್ಲ, ಮ್ಯಾಮ್ ಕೂಡ ಬೇಡ. ಕ್ರಿಯಾಪದ ಮಾತ್ರ ಗಮನವಿಟ್ಟು ಕೇಳಿಸಿಕೊಳ್ಳಿ. ಕಡದಕಟ್ಟೆ ದಾಟಿದ ಮೇಲೆ ಕಂಡಕ್ಟರಿಗೂ ಹುಡುಗನಿಗೂ ಚಿಲ್ಲರೆಯ ಜಗಳ ಬರುತ್ತದೆ, ಅದು ಗಂಡಸರ ವಿಷಯ, ಪಠ್ಯದಲ್ಲಿಲ್ಲ. ರಂಗಪ್ಪ ಸರ್ಕಲ್ಲಿನಲ್ಲಿ ಎಲ್ಲರೂ ಒಟ್ಟಿಗೆ ಇಳಿಯುವಾಗ ಹಿಂದಿನಿಂದ ನೂಕುತ್ತ “ಆಂಟೀ, ಬೇಗ ಇಳೀರಿ” ಎಂದವನನ್ನು ಫೇಲು ಮಾಡಬೇಡಿ. ಆಂಟಿ ತಮ್ಮ ನೋಟ್ಸಿನಲ್ಲಿ ನಿಷಿದ್ಧವಿರಬಹುದು, ‘ಇಳೀರಿ’ ಅಂದಿದ್ದಾನೆ, ಅದಕ್ಕೆ ಪಾಸ್ ಅಂಕ ಸಾಕು.

ಪರೀಕ್ಷಕರಾಗಿ ತಾವು ಬಸ್ಸಿನ ಹಿಂದಿನ ಸೀಟಿನಲ್ಲೇ ಕೂರಬೇಕಾದೀತು. ಮುಂದಿನವು ಹೆಂಗಸರಿಗೆ ಮೀಸಲು, ತಾವು ಎಷ್ಟೇ ಸ್ಪಷ್ಟವಾಗಿ ಮ್ಯಾಮ್ ಎಂದರೂ ಅಲ್ಲಿ ಯಾರೂ ಎದ್ದು ಜಾಗ ಕೊಡುವುದಿಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ಜೆರಾಕ್ಸ್ ಅಂಗಡಿಯಾಕೆ,
ದುರ್ಗಿಗುಡಿ, ಶಿವಮೊಗ್ಗ